ದೇಹ, ಮನಸ್ಸು, ಆತ್ಮಗಳ ಲೆಕ್ಕ

ಬೆಳ್ಳಾರೆಯ ಸೀಮೆಯಲ್ಲಿ ಅಳೆಯದೆ ಬಿಟ್ಟ ವಸ್ತುವೇ ಇಲ್ಲವೆಂದು ಹೇಳಬಹುದು. ಬೆಳಗ್ಗೆ ಹಾಲಿನ ಸೊಸೈಟಿಗೆ ಹೋದರೆ ನಮ್ಮ ಹಾಲಿನಲ್ಲಿ ಕೊಬ್ಬು ಎಷ್ಟೆಂಬುದನ್ನು ಯಂತ್ರವು ಕ್ಷಣದೊಳಗೆ ತಿಳಿಸುತ್ತದೆ. ಸುಲಿದ ಅಡಿಕೆಯನ್ನು ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಬೇರೆ ಬೇರೆ ರಾಶಿ ಹಾಕಿದ ಹೊರತು ಯಾವ ವ್ಯಾಪಾರಿಯೂ ದರ ಹೇಳುವುದಿಲ್ಲ. ರಬ್ಬರಿನ ಶೀಟಿಗೂ ತಕ್ಕಡಿಯುಂಟು. ಇಷ್ಟೇ ಅಲ್ಲ, ಅಂಗಳದಲ್ಲಿ ಮಳೆಮಾಪಕವನ್ನಿಟ್ಟು ಹತ್ತಾರು ವರ್ಷಗಳಿಂದ ದಿನದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುವ ತೋಟದ ಮನೆಗಳೂ ನಮ್ಮ ಕಡೆಯಲ್ಲುಂಟು. ಆದರೆ ಆ ಮನೆಯ ಒಡತಿಯ ರಕ್ತವು ಎಷ್ಟು ಗಟ್ಟಿಯಾಗಿದೆ, ಕಳೆದ ಪಕ್ಷದಲ್ಲಿ ಆಕೆಯು ಎಷ್ಟು ರಾತ್ರಿ ನೆಮ್ಮದಿಯಿಂದ ನಿದ್ರಿಸಿದಳು, ಆಕೆಯ ಅಂತರಂಗವು ಯಾವುದಕ್ಕಾಗಿ ಹಸಿದಿದೆ ಎಂಬುದನ್ನು ಬರೆದಿಟ್ಟ ಪುಸ್ತಕವು ಎಲ್ಲಿಯೂ ಕಾಣಸಿಗದು.

ಈ ಸ್ಮರಣ ಸಂಚಿಕೆಗಾಗಿ ಏನಾದರೊಂದನ್ನು ಬರೆಯಬೇಕೆಂದು ಅಪ್ಪಣೆಯಾದಾಗ ನಮಗೆ ಮೊದಲು ನೆನಪಾದದ್ದು ಬೋರ್ಡಿಂಗಿನ ಆ ಹಳೆಯ ತಕ್ಕಡಿ. ರಜೆ ಮುಗಿಸಿ ಬಂದ ವಾರದಲ್ಲಿ ನಮ್ಮನ್ನೆಲ್ಲಾ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬಳನ್ನೇ ಅದರ ಮೇಲೆ ಹತ್ತಿಸಿ, ಮೇಟ್ರನಮ್ಮನವರು ತೂಕವನ್ನು ಬರೆದುಕೊಳ್ಳುತ್ತಿದ್ದರು. ತೂಕ ಇಳಿದವಳಿಗೆ ರಾತ್ರಿ ಒಂದು ಲೋಟ ಹಾಲು ಹೆಚ್ಚು ಸಿಗುತ್ತಿತ್ತು. ಮುಖ ಬಾಡಿದವಳನ್ನು ಸಾಯಂಕಾಲ ತಮ್ಮ ಕೋಣೆಗೆ ಕರೆದು, ಮನೆಯಲ್ಲಿ ಎಲ್ಲರೂ ಕ್ಷೇಮವೋ ಎಂದು ವಿಚಾರಿಸುತ್ತಿದ್ದರು. ಶಾಲೆಯನ್ನು ಬಿಟ್ಟ ಮೇಲೆ ನಮ್ಮಲ್ಲಿ ಅನೇಕರನ್ನು ಹೆರಿಗೆಯ ಸಮಯದಲ್ಲಿ ಹೊರತು ಯಾರೂ ತೂಗಿದವರಿಲ್ಲ, ಕೋಣೆಗೆ ಕರೆದು ವಿಚಾರಿಸಿದವರಂತೂ ಇಲ್ಲವೇ ಇಲ್ಲ.

ಇದರಿಂದಾಗುವ ನಷ್ಟವೇನೆಂಬುದಕ್ಕೆ ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುವೆವು. ನಮ್ಮ ಸಹಪಾಠಿಯೊಬ್ಬಳು ಬೆಳ್ಳಾರೆಯ ಆಚೆಗಿನ ಒಂದು ತೋಟದ ಮನೆಗೆ ಸೊಸೆಯಾಗಿ ಬಂದಿದ್ದಳು. ಎರಡನೆಯ ಹೆರಿಗೆಯಾಗಿ ಮೂರು ತಿಂಗಳು ಕಳೆದಿತ್ತು. ಆಟಿಯ ಮಳೆಯು ಹಗಲಿರುಳೆನ್ನದೆ ಸುರಿಯುತ್ತಿದ್ದ ಕಾಲ. ಶಾಲೆಯಲ್ಲಿ ಎಲ್ಲರಿಗಿಂತ ಮುಂಚೆ ಎದ್ದು ಗಂಟೆ ಬಾರಿಸುತ್ತಿದ್ದ ಆ ಹುಡುಗಿ ಅಡಿಗೆಮನೆಯ ಬಾಗಿಲಲ್ಲಿ ಗೋಡೆಗೊರಗಿ ಕುಳಿತಿದ್ದಳು. ಮಗುವು ಅತ್ತರೂ ತಿರುಗಿ ನೋಡುತ್ತಿರಲಿಲ್ಲ. ಅತ್ತೆಯವರು ಅದನ್ನು ಸೋಮಾರಿತನವೆಂದರು. ಸಭೆಯ ಹಿರಿಯ ಸ್ತ್ರೀಯೊಬ್ಬರು ಪ್ರಾರ್ಥನೆ ಸಾಲದೆಂದರು. ನೆರೆಯವರು ಯಾವುದೋ ಉಪದ್ರವೆಂದು ಪಿಸುಗುಟ್ಟಿದರು. ನಾವಾದರೋ ವಿದ್ಯಾವಂತರೆಂಬ ಗರ್ವದಿಂದ ಒಂದು ಶೀಸೆ ಟಾನಿಕ್ಕನ್ನು ಅವಳ ಕೈಯಲ್ಲಿಟ್ಟು, ಧೈರ್ಯವಾಗಿರು ಎಂದು ಹೇಳಿ ಬಸ್ಸು ಹಿಡಿದೆವು. ಹೀಗೆ ನಾಲ್ವರೂ ನಾಲ್ಕು ಮದ್ದುಗಳನ್ನು ಕೊಟ್ಟೆವು. ಒಬ್ಬರಾದರೂ ಅಳೆದು ನೋಡಲಿಲ್ಲ.

ಕಡೆಗೆ ಅವಳನ್ನು ಗುರುತಿಸಿದವಳು ಮಗುವಿನ ಯೋಗಕ್ಷೇಮ ವಿಚಾರಿಸಲು ಬಂದ ಆಶಾ ಕಾರ್ಯಕರ್ತೆ. ಅವಳ ಒತ್ತಾಯದಿಂದ ಆಸ್ಪತ್ರೆಗೆ ಹೋದಾಗ ರಕ್ತದ ಹಿಮೋಗ್ಲೋಬಿನ್ ಎಂಟಕ್ಕಿಂತಲೂ ಕೆಳಗಿತ್ತು. ಆ ಚಿಕ್ಕ ವಯಸ್ಸಿನ ವೈದ್ಯೆಯು ಅಷ್ಟಕ್ಕೇ ಚೀಟಿ ಬರೆದು ಕಳುಹಿಸಲಿಲ್ಲ. “ಅಕ್ಕಾ, ಮಗು ಮಲಗಿದಾಗಲಾದರೂ ನಿಮಗೆ ನಿದ್ರೆ ಬರುತ್ತದೋ?” ಎಂದು ಕೇಳಿದರಂತೆ. ಆ ಒಂದು ಪ್ರಶ್ನೆಗೆ ನಮ್ಮ ಗೆಳತಿಯು ಅರ್ಧ ತಾಸು ಅತ್ತಳು. ರಕ್ತಹೀನತೆಯೂ ಇತ್ತು, ಹೆರಿಗೆಯ ಬಳಿಕ ಕೆಲವು ತಾಯಂದಿರನ್ನು ಹಿಡಿಯುವ ಖಿನ್ನತೆಯೂ ಇತ್ತು. ಎರಡಕ್ಕೂ ಬೇರೆ ಬೇರೆ ಚಿಕಿತ್ಸೆ ಬೇಕಾಯಿತು. ಅವಳು ಮೊದಲಿನಂತಾಗಲು ಎಂಟು ತಿಂಗಳು ಹಿಡಿಯಿತು.

ನಮ್ಮ ಅಭಿಪ್ರಾಯವು ಇಷ್ಟೇ: ದೇಹದ ಕೊರತೆಯನ್ನು ಸ್ವಭಾವದ ದೋಷವೆಂದೂ, ಮನಸ್ಸಿನ ಬೇನೆಯನ್ನು ಅವಿಶ್ವಾಸವೆಂದೂ, ಆತ್ಮದ ಬರಿದುತನವನ್ನು ಟಾನಿಕ್ಕಿನ ಅಭಾವವೆಂದೂ ತಪ್ಪಾಗಿ ಎಣಿಸುವುದರಿಂದಲೇ ನಮ್ಮ ಮನೆಗಳಲ್ಲಿ ಅರ್ಧ ದುಃಖವು ಉಂಟಾಗುತ್ತದೆ. ಆಟಿ ಅಮಾವಾಸ್ಯೆಯ ಮುಂಜಾನೆ ಪಾಲೆಮರದ ತೊಗಟೆಯ ಕಷಾಯವನ್ನು ಕುಡಿಯುವ ವಾಡಿಕೆಯು ತುಳುನಾಡಿನವರಿಗೆಲ್ಲಾ ತಿಳಿದದ್ದು. ತಿಳಿದವರು ಹಗಲಿನಲ್ಲಿಯೇ ಹೋಗಿ ಮರವನ್ನು ಗುರುತಿಸಿ ಬರುತ್ತಾರೆ. ಯಾಕಂದರೆ ಕತ್ತಲೆಯಲ್ಲಿ ಪಾಲೆಯೆಂದು ಬಗೆದು ಬೇರೊಂದು ಮರದ ತೊಗಟೆಯನ್ನು ತಂದು ಕುಡಿದು ಪ್ರಾಣಕ್ಕೆ ಅಪಾಯ ತಂದುಕೊಂಡವರ ಸುದ್ದಿಯನ್ನು ನಮ್ಮ ಜಿಲ್ಲೆಯಲ್ಲಿ ಒಂದಕ್ಕಿಂತ ಹೆಚ್ಚು ಸಾರಿ ಕೇಳಿದ್ದೇವೆ. ಗುರುತಿಸದೆ ಕೊಟ್ಟ ಉಪದೇಶವೂ ಹಾಗೆಯೇ.

ದೇಹವನ್ನು ಅಳೆಯುವುದು ಇವುಗಳಲ್ಲೆಲ್ಲಾ ಸುಲಭ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ದೇಶದಲ್ಲಿ ನೂರಕ್ಕೆ 57 ಮಂದಿ, ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರು. ಅಂದರೆ ಪ್ರಾರ್ಥನೆಯ ವೇಳೆಗೆ ಒಂದು ಬೆಂಚಿನಲ್ಲಿ ನಾಲ್ವರು ಕೂತರೆ ಅವರಲ್ಲಿ ಸುಮಾರು ಇಬ್ಬರು! ಗರ್ಭಿಣಿಯಲ್ಲದ ಸ್ತ್ರೀಗೆ ಡೆಸಿಲೀಟರಿಗೆ 12 ಗ್ರಾಂ, ಗರ್ಭಿಣಿಗೆ 11 ಗ್ರಾಂ ಹಿಮೋಗ್ಲೋಬಿನ್ ಇರತಕ್ಕದ್ದು. ಪರೀಕ್ಷೆಯು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಆಗುವಂಥಾದ್ದು. ಹಿತ್ತಿಲ ನುಗ್ಗೆ ಸೊಪ್ಪು, ಬಸಳೆ, ಮಳೆಗಾಲದ ತಜಂಕು, ಹುರುಳಿ ಇವೆಲ್ಲಾ ನಮ್ಮಲ್ಲಿ ಧಾರಾಳವಾಗಿದ್ದರೂ ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸವು ಅದರ ಕಬ್ಬಿಣವನ್ನು ಮೈಗೆ ಹಿಡಿಯಗೊಡುವುದಿಲ್ಲ. ಒಂದು ತಾಸು ತಡೆದು ಕುಡಿದರಾಗದೋ? ಊಟದೊಂದಿಗೆ ಲಿಂಬೆಹುಳಿ ಇದ್ದರೆ ಲಾಭ. ಆದರೆ ರಕ್ತವು ಬಹಳ ಇಳಿದ ಮೇಲೆ ಸೊಪ್ಪಿನಿಂದ ಮಾತ್ರ ಏರಿಸಲಾಗದು. ಮಾತ್ರೆ ಬೇಕು, ಏಕೆ ಇಳಿಯಿತೆಂಬ ವಿಚಾರಣೆಯೂ ಬೇಕು. ಮೂವತ್ತು ದಾಟಿದವರು ರಕ್ತದೊತ್ತಡವನ್ನೂ ಸಕ್ಕರೆಯನ್ನೂ ನೋಡಿಸಿಕೊಳ್ಳತಕ್ಕದ್ದೆಂಬುದನ್ನು ವಿಸ್ತರಿಸುವ ಅಗತ್ಯವಿಲ್ಲ.

ಇಲ್ಲಿ ಅಪ್ರಿಯವಾದ ಒಂದು ಮಾತನ್ನು ಹೇಳಬೇಕಾಗಿದೆ. ಅಡಿಕೆಯ ಹಣದಿಂದಲೇ ನಮ್ಮಲ್ಲಿ ಹಲವರ ಶಾಲೆಯ ಫೀಸು ಸಂದಾಯವಾಯಿತು. ಆ ಋಣವನ್ನು ನಾವು ಮರೆತವರಲ್ಲ. ಆದರೂ ಹೊಗೆಸೊಪ್ಪಿಲ್ಲದ ಅಡಿಕೆಯನ್ನು ಜಗಿಯುವುದು ಸಹ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯಿಸಿದೆ. ಬೆಳೆಯನ್ನು ಬಿಡಬೇಕೆಂದು ಹೇಳುವ ಅಧಿಕಾರ ನಮಗಿಲ್ಲ. ಬಾಯೊಳಗೆ ಎರಡು ವಾರ ಕಳೆದರೂ ಮಾಯದ ಹುಣ್ಣೋ ಬಿಳಿಯ ಕಲೆಯೋ ಉಂಟೇ ಎಂದು ಅಜ್ಜಿಯಂದಿರ ಬಾಯಿಯನ್ನು ದೀಪ ಹಿಡಿದು ನೋಡುವ ಅಧಿಕಾರವಾದರೂ ಮೊಮ್ಮಕ್ಕಳಿಗೆ ಉಂಟಷ್ಟೆ.

ಮನಸ್ಸಿನ ವಿಷಯಕ್ಕೆ ಬಂದರೆ ಅಳತೆಗಿಂತ ಮುಂಚೆ ನಾಚಿಕೆಯು ಅಡ್ಡ ನಿಲ್ಲುತ್ತದೆ. ಕಾಲು ಮುರಿದರೆ ಊರಿಗೆಲ್ಲಾ ಹೇಳುತ್ತೇವೆ. ಮನಸ್ಸು ಕುಗ್ಗಿದರೆ ಬಾಗಿಲು ಹಾಕಿಕೊಳ್ಳುತ್ತೇವೆ. ಮಗಳ ಮದುವೆಗೆ ತೊಡಕಾದೀತು ಎಂಬ ಭಯವೇ ಇದಕ್ಕೆ ದೊಡ್ಡ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ 1998ರಿಂದ ಪ್ರಚಾರದಲ್ಲಿರುವ ಐದು ಪ್ರಶ್ನೆಗಳ ಒಂದು ಚಿಕ್ಕ ಪಟ್ಟಿಯುಂಟು. ಕಳೆದ ಎರಡು ವಾರಗಳಲ್ಲಿ ಮನಸ್ಸು ಎಷ್ಟು ಕಾಲ ಉಲ್ಲಾಸವಾಗಿತ್ತು, ಎಷ್ಟು ಕಾಲ ಶಾಂತವಾಗಿತ್ತು, ಮೈಯಲ್ಲಿ ಚುರುಕಿತ್ತೇ, ಎದ್ದಾಗ ದಣಿವಾರಿತ್ತೇ, ದಿನದ ಕೆಲಸಗಳಲ್ಲಿ ಮನಸ್ಸು ಹಿಡಿಸುವಂಥಾದ್ದು ಏನಾದರೂ ಇತ್ತೇ ಎಂಬುದು ಅದರ ಭಾವ. ಒಂದೊಂದಕ್ಕೂ ಸೊನ್ನೆಯಿಂದ ಐದರ ತನಕ ಅಂಕ, ಒಟ್ಟು 25. ಮೊತ್ತವು 13ಕ್ಕಿಂತ ಕಡಿಮೆಯಾದರೆ ವೈದ್ಯರೊಡನೆ ಮಾತನಾಡುವುದು ಒಳ್ಳೇದು. ಅದು ರೋಗವನ್ನು ನಿಶ್ಚಯಿಸುವ ಪರೀಕ್ಷೆಯಲ್ಲ. ಬಾಗಿಲನ್ನು ತಟ್ಟುವ ಕೈ ಎನ್ನಬಹುದು. ಐದು ನಿಮಿಷವೂ ಬೇಡ, ಬಳಪ ಕಾಗದ ಸಾಕು.

ಅಂಕ ಕಡಿಮೆಯಾಯಿತು, ಹಳ್ಳಿಯಲ್ಲಿ ಮುಂದೇನು ಎಂದು ಕೇಳುವವರಿಗೆ ನಮ್ಮ ರಾಜ್ಯದ ಚರಿತ್ರೆಯೇ ಉತ್ತರ ಕೊಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತು ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗಳಲ್ಲಿಯೇ ನಡೆಸಬಹುದೆಂದು ತೋರಿಸಿದರು. 1996ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸೇವೆಯೂ ಇದೆ. 14416 ಎಂಬ ಸಂಖ್ಯೆಗೆ ಯಾವ ಹೊತ್ತಿಗಾದರೂ ದುಡ್ಡಿಲ್ಲದೆ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕೇ ಬೇಡವೆಂಬ ಮಾತು ಯಾರ ಬಾಯಿಂದಲಾದರೂ ಬಂದರೆ ಅಂಕ ಗಿಂಕಗಳನ್ನು ಎಣಿಸುತ್ತಾ ಕೂರಬೇಡಿರಿ. ಅವರನ್ನು ಒಂಟಿಯಾಗಿ ಬಿಡದೆ ಆ ದಿನವೇ ಆಸ್ಪತ್ರೆಗೆ ಕರಕೊಂಡು ಹೋಗಿರಿ.

ಇನ್ನು ಆತ್ಮ. 1948ರ ಏಪ್ರಿಲ್ 7ರಂದು ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಆರೋಗ್ಯವೆಂದರೆ ರೋಗವಿಲ್ಲದಿರುವುದು ಮಾತ್ರವಲ್ಲ, ದೇಹ, ಮನಸ್ಸು, ಸಮಾಜ ಈ ಮೂರರ ಕ್ಷೇಮವೆಂದು ಹೇಳಿತು, ಆತ್ಮದ ಹೆಸರೆತ್ತಲಿಲ್ಲ. 1984ರಲ್ಲಿ ಅದೇ ಸಂಸ್ಥೆಯ ಮಹಾಸಭೆಯು ಆತ್ಮಿಕ ಅಂಶವೂ ಉಂಟೆಂದು ಒಪ್ಪಿಕೊಂಡಿತು. 1998ರಲ್ಲಿ ಆ ಪದವನ್ನು ವ್ಯಾಖ್ಯೆಯೊಳಗೇ ಸೇರಿಸಬೇಕೆಂಬ ಸೂಚನೆಯು ಬಂದರೂ ಅದು ಸಂವಿಧಾನಕ್ಕೆ ಸೇರಲಿಲ್ಲ. ಇದರಿಂದ ನಮಗೆ ವ್ಯಸನವೇನೂ ಇಲ್ಲ. ಅಳೆಯಲು ಯಂತ್ರವಿಲ್ಲದ್ದನ್ನು ಸರಕಾರಗಳ ಸಭೆಯು ಬರೆಯದೆ ಬಿಟ್ಟರೆ ಅದನ್ನು ನೋಡಿಕೊಳ್ಳುವ ಹೊಣೆಯು ನಮ್ಮದಾಗುತ್ತದೆ.

ನಮ್ಮೊಳಗೆ ಕೇಳಿಕೊಳ್ಳುವ ಪ್ರಶ್ನೆಗಳು ಇವು. ಈ ವಾರದಲ್ಲಿ ಏನನ್ನೂ ಬೇಡದೆ ಕಾಲು ತಾಸು ಸುಮ್ಮನೆ ದೇವರ ಮುಂದೆ ಕುಳಿತೆವೋ? ಯಾರ ಮನೆಯ ಮುಂದೆ ಹಾಯುವಾಗ ಮುಖ ತಿರುಗಿಸಿದೆವು? ಸಭೆಯಲ್ಲಿ ಮಾಡಿದ ಸೇವೆಯನ್ನು ಯಾರೂ ಕಾಣದಿದ್ದರೂ ಮಾಡುತ್ತಿದ್ದೆವೋ? ವಿಶ್ರಾಂತಿಯ ದಿನವೆಂಬ ಆದಿತ್ಯವಾರವೇ ನಮ್ಮ ಸ್ತ್ರೀಯರಿಗೆ ಅತಿ ದೊಡ್ಡ ಅಡಿಗೆಯ ದಿನವಾಗಿದೆ. ಪ್ರಸಂಗವು ನಡೆಯುತ್ತಿರುವಾಗ ಕೋಳಿ ಸಾರಿಗೆ ತೆಂಗಿನಕಾಯಿ ಹುರಿದಿಟ್ಟು ಬಂದೆವೋ ಇಲ್ಲವೋ ಎಂದು ಚಿಂತಿಸದವರು ಕೈ ಎತ್ತಲಿ! ಗಂಡಸರು ಆ ದಿನ ಗಂಜಿ ಚಟ್ನಿಗೆ ಒಪ್ಪಿದರೆ ಹಲವರ ಆತ್ಮಿಕ ಜೀವನವು ಒಂದೇ ತಿಂಗಳಲ್ಲಿ ಚೇತರಿಸೀತು.

ಆದರೆ ಒಂದು ಎಚ್ಚರಿಕೆ ಉಂಟು. ಪ್ರಾರ್ಥಿಸಲಿಕ್ಕೆ ಆಗುವುದಿಲ್ಲ, ದೇವರು ನನ್ನನ್ನು ಕೈಬಿಟ್ಟಿದ್ದಾನೆ ಎಂದು ಒಬ್ಬಳು ಹೇಳಿದಾಗ ಅದು ಯಾವಾಗಲೂ ಆತ್ಮದ ಮಾತಲ್ಲ. ಖಿನ್ನತೆಯು ಅವಳ ಬಾಯಿಂದ ಹಾಗೆ ನುಡಿಸುವುದುಂಟು. ಆಗ ಅವಳಿಗೆ ಇನ್ನಷ್ಟು ಪ್ರಾರ್ಥಿಸೆಂದು ಹೇಳುವುದು ಕಾಲು ಮುರಿದವಳಿಗೆ ಓಡೆಂದು ಹೇಳಿದಂತೆ. ಅವಳಿಗಾಗಿ ನಾವು ಪ್ರಾರ್ಥಿಸೋಣ, ಅವಳನ್ನು ವೈದ್ಯರ ಬಳಿಗೂ ಕರಕೊಂಡು ಹೋಗೋಣ. ನಮ್ಮ ಗೆಳತಿಯ ವಿಷಯದಲ್ಲಿ ಸಭೆಯವರಾದ ನಾವು ತಪ್ಪಿದ್ದು ಇಲ್ಲಿಯೇ.

ಈಗ ಓದುತ್ತಿರುವ ಹುಡುಗಿಯರ ತಂದೆತಾಯಂದಿರಿಗೆ ಎರಡು ಮಾತು. ಮಾರ್ಕಿನ ಕಾರ್ಡಿಗೆ ಸಹಿ ಹಾಕುವಾಗ ಮಗಳಿಗೆ ನಿದ್ರೆ ಎಷ್ಟೆಂದು ಸಹ ಕೇಳಿರಿ. ಆ ವಯಸ್ಸಿಗೆ ಎಂಟು ತಾಸಿಗೆ ಕಡಿಮೆಯಾಗಬಾರದು. ಹತ್ತನೆಯ ತರಗತಿ ಬಂದಿತೆಂದು ಅವಳನ್ನು ತ್ರೋಬಾಲಿನ ಅಂಕಣದಿಂದ ಬಿಡಿಸಿ ಗಣಿತದ ಟ್ಯೂಷನ್ನಿಗೆ ಕಳುಹಿಸುವುದು ನಮ್ಮ ಜಿಲ್ಲೆಯ ಪದ್ಧತಿಯಾಗಿಬಿಟ್ಟಿದೆ. ದೇಹ, ಮನಸ್ಸು, ಆತ್ಮ ಒಟ್ಟಿಗೆ ಬೆಳೆಯಬೇಕೆಂದು ಲೂಥರ್ ಗುಲಿಕ್ ಎಂಬವರು 1891ರಲ್ಲಿ ವೈ.ಎಂ.ಸಿ.ಎ.ಗೆ ತ್ರಿಕೋನದ ಚಿಹ್ನೆಯನ್ನು ಸೂಚಿಸಿದರು. ಆ ವಿಚಾರದ ಮೇಲೆಯೇ 1920ರಲ್ಲಿ ಹ್ಯಾರಿ ಬಕ್ ಎಂಬವರು ಮದ್ರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜನ್ನು ಸ್ಥಾಪಿಸಿದರು. ತ್ರಿಕೋನದ ಒಂದು ಭುಜವನ್ನು ಪರೀಕ್ಷೆಗೋಸ್ಕರ ಕಿತ್ತುಹಾಕಿದರೆ ಅದು ತ್ರಿಕೋನವಾಗಿ ಉಳಿಯುವುದು ಹೇಗೆ?

ಹಳೆ ವಿದ್ಯಾರ್ಥಿನಿಯರ ವಾರ್ಷಿಕ ದಿನದಂದು ಊಟ, ಸನ್ಮಾನ, ಫೋಟೋ ಎಲ್ಲವೂ ಇರಲಿ. ಅದರೊಂದಿಗೆ ಒಂದು ಕೋಣೆಯಲ್ಲಿ ನರ್ಸೊಬ್ಬಳನ್ನು ಕೂರಿಸಿ ರಕ್ತವನ್ನೂ ಒತ್ತಡವನ್ನೂ ನೋಡಿಸೋಣ. ಆ ಐದು ಪ್ರಶ್ನೆಗಳ ಕಾಗದವನ್ನು ಎಲ್ಲರ ಕೈಗೂ ಕೊಡೋಣ, ಹೆಸರು ಬರೆಯದಿದ್ದರೂ ಚಿಂತೆಯಿಲ್ಲ. ಇನ್ನೊಂದು ಕೋಣೆಯಲ್ಲಿ, ಉಪದೇಶ ಮಾಡದೆ ಕೇಳಿಸಿಕೊಳ್ಳಬಲ್ಲ ಹಿರಿಯರೊಬ್ಬರು ಇರಲಿ. ಹಬ್ಬದ ದಿನ ಸೂಜಿಯೇ ಎಂದು ನಗುವವರು ಆಟಿಯ ಕಷಾಯವನ್ನು ನೆನಸಿಕೊಳ್ಳಲಿ. ಅದೂ ಕಹಿಯೇ, ಅದೂ ವರ್ಷಕ್ಕೊಂದೇ ದಿನ. ಈ ಸಾರಿ ತಾನೂ ಬರುವೆನೆಂದು ನಮ್ಮ ಗೆಳತಿಯು ಹೇಳಿದ್ದಾಳೆ. ತನ್ನ ಹೆಸರೊಂದನ್ನು ಬಿಟ್ಟು ತನ್ನ ಕಥೆಯನ್ನು ಬರೆಯಬಹುದೆಂದು ಒಪ್ಪಿಗೆ ಕೊಟ್ಟವಳೂ ಅವಳೇ.

ಬೋರ್ಡಿಂಗಿನ ಆ ತಕ್ಕಡಿಯು ಉಗ್ರಾಣದ ಮೂಲೆಯಲ್ಲಿ ಈಗಲೂ ಉಂಟೆಂದು ಕೇಳಿದ್ದೇವೆ. ಮುಳ್ಳು ಸರಿಯಾಗಿ ನಿಲ್ಲುವುದಿಲ್ಲವಂತೆ. ಅದನ್ನು ರಿಪೇರಿ ಮಾಡಿಸುವ ವೆಚ್ಚವನ್ನು ವಹಿಸಿಕೊಳ್ಳಲು ಬೆಳ್ಳಾರೆಯ ಕಡೆಯ ನಾವು ನಾಲ್ವರು ಸಿದ್ಧರಿದ್ದೇವೆ.