ಕಣ್ಣಿಲ್ಲದ ಕನ್ನಡಿಗನಿಗೆ ಅಂಗಡಿ ಬಾಗಿಲು ಮುಚ್ಚಿದವರು ಯಾರು?

2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಇಂಗ್ಲಿಷ್ ಬೋರ್ಡುಗಳು ನೆಲಕ್ಕುರುಳಿದ್ದನ್ನು ಯಾರೂ ಮರೆತಿಲ್ಲ. ಕಾರ್ಯಕರ್ತರು ಜೈಲು ಸೇರಿದರು. 2024ರಲ್ಲಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕು, ಅದೂ ಮೇಲ್ಭಾಗದಲ್ಲೇ ಇರಬೇಕು ಎಂದು ಬರೆಯಿತು. ಗೋಕಾಕ್ ಚಳವಳಿಯಿಂದ ಇಲ್ಲಿಯವರೆಗೆ ಬೀದಿಗಿಳಿಯದೆ ಕನ್ನಡಕ್ಕೆ ದಕ್ಕಿದ್ದೇನಿದೆ? ಆ ಹೋರಾಟ ಸರಿ, ಆ ಕಾಯ್ದೆಯೂ ಸರಿ. ಆದರೆ ಗೆಳೆಯರೇ, ಬೋರ್ಡು ಓದಲು ಕಣ್ಣು ಬೇಕು. ಕಣ್ಣಿಲ್ಲದ ಕನ್ನಡಿಗ ಎಲ್ಲಿ ಓದಬೇಕು?

2011ರ ಜನಗಣತಿಯ ಲೆಕ್ಕದಲ್ಲಿ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ಅವರಲ್ಲಿ ದೃಷ್ಟಿದೋಷ ಉಳ್ಳವರೇ ಎರಡೂವರೆ ಲಕ್ಷ ದಾಟುತ್ತಾರೆ. ಇವರಿಗೆ ಅಕ್ಕಿ ಬೇಡವೇ, ಬಟ್ಟೆ ಬೇಡವೇ, ಮಾತ್ರೆ ಬೇಡವೇ? ಟ್ರಾಫಿಕ್ಕಿನಲ್ಲಿ, ಅಗೆದ ಫುಟ್‌ಪಾತಿನಲ್ಲಿ, ಬಿಎಂಟಿಸಿ ಬಸ್ಸಿನ ನೂಕುನುಗ್ಗಲಿನಲ್ಲಿ ಜೀವ ಕೈಯಲ್ಲಿ ಹಿಡಿದು ಹೋಗುವವರಿಗೆ, ಮನೆಯಲ್ಲೇ ಕೂತು ಮೊಬೈಲಿನಲ್ಲಿ ಸಾಮಾನು ತರಿಸುವ ಅನುಕೂಲ ಯಾರಿಗಿಂತಲೂ ಹೆಚ್ಚು ಬೇಕಾದದ್ದು. ವಿಚಿತ್ರ ನೋಡಿ, ಯಾರಿಗೆ ಹೆಚ್ಚು ಬೇಕೋ ಅವರಿಗೇ ಆ ಅಂಗಡಿಯ ಬಾಗಿಲು ತೆರೆಯುವುದಿಲ್ಲ.

ಈ ಮೊಬೈಲ್ ಅಂಗಡಿಗಳು ಎಲ್ಲಿಂದಲೋ ಬಂದವೇನಲ್ಲ. ಫ್ಲಿಪ್‌ಕಾರ್ಟ್ ಹುಟ್ಟಿದ್ದು 2007ರಲ್ಲಿ, ಬೆಂಗಳೂರಿನಲ್ಲಿ. ಮಿಂತ್ರಾ ಬೆಂಗಳೂರಿನದು. 2011ರ ಬಿಗ್‌ಬಾಸ್ಕೆಟ್ ಕೂಡ ಬೆಂಗಳೂರಿನದೇ. ಈ ಊರಿನ ಕಾವೇರಿ ನೀರು ಕುಡಿದು ಬೆಳೆದ ಫ್ಲಿಪ್‌ಕಾರ್ಟಿಗೆ ಕನ್ನಡ ಬರಲು 13 ವರ್ಷ ಬೇಕಾಯಿತು! 2019ರಲ್ಲಿ ಹಿಂದಿಗೆ ಮಣೆ, 2020ರಲ್ಲಿ ಕನ್ನಡಕ್ಕೆ ಚಾಪೆ. ಅಮೆಜಾನಿನ ಕಥೆಯೂ ಅದೇ: 2018ರಲ್ಲಿ ಹಿಂದಿ, ಕನ್ನಡ ಬಂದದ್ದು 2020ರಲ್ಲಿ. ಬಂತಲ್ಲ ಎಂದು ಸಂಭ್ರಮಿಸಿದೆವು. ಬಂದ ಕನ್ನಡ ಕಿವಿಗೆ ಕೇಳುತ್ತದೋ ಇಲ್ಲವೋ ಎಂದು ಯಾವ ಸಂಘಟನೆಯೂ ಕೇಳಲಿಲ್ಲ.

ಕಿವಿಗೆ ಕೇಳುವುದೆಂದರೇನು? ಕಣ್ಣಿಲ್ಲದವರು ಮೊಬೈಲು, ಕಂಪ್ಯೂಟರು ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ. ಪರದೆಯ ಮೇಲೆ ಬೆರಳು ಇಟ್ಟಲ್ಲಿ ಏನಿದೆಯೋ ಅದನ್ನು ಅದು ಓದಿ ಹೇಳುತ್ತದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಇದೆ, ಐಫೋನಿನಲ್ಲಿ ವಾಯ್ಸ್‌ಓವರ್ ಇದೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬುದಿದೆ. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು, ಮೈಕಲ್ ಕರನ್ ಮತ್ತು ಜೇಮ್ಸ್ ಟೆ, ಸೇರಿ ಕಟ್ಟಿದ ಇದನ್ನು ಜಗತ್ತಿಗೆ ಪುಕ್ಕಟೆ ಕೊಟ್ಟಿದ್ದಾರೆ. ಅದರ ಜೊತೆಗೇ ಬರುವ ಈಸ್ಪೀಕ್ ಧ್ವನಿಗೆ ಕನ್ನಡ ಗೊತ್ತು. ಯಂತ್ರದ ಉಚ್ಚಾರ, ಚೆಲುವೇನೂ ಇಲ್ಲ. ಆದರೂ ಕನ್ನಡ.

ಅಂದರೆ ಓದುವ ಯಂತ್ರ ಇದೆ, ಕನ್ನಡದ ಧ್ವನಿ ಇದೆ, ಕೇಳುವ ಕಿವಿಯೂ ಇದೆ. ಇಲ್ಲದ್ದು ಅಂಗಡಿಯವನ ಮನಸ್ಸು.

ಹೇಗೆ ಎನ್ನುತ್ತೀರಾ? ಸೀರೆಯ ಚಿತ್ರದ ಹಿಂದೆ 'ಹಸಿರು ಇಳಕಲ್ ಸೀರೆ, ಕೆಂಪು ಅಂಚು' ಎಂದು ಒಂದು ಸಾಲು ಬರೆದಿಟ್ಟಿದ್ದರೆ ಸ್ಕ್ರೀನ್ ರೀಡರ್ ಅದನ್ನು ಓದುತ್ತದೆ. ಬರೆಯದಿದ್ದರೆ 'ಇಮೇಜ್' ಎನ್ನುತ್ತದೆ, ಇಲ್ಲವೇ ಕಡತದ ಉದ್ದನೆಯ ನಂಬರನ್ನು ಒಂದೊಂದೇ ಅಂಕಿಯಾಗಿ ಒದರುತ್ತದೆ. ಕೊಳ್ಳುವ ಗುಂಡಿಗೆ ಹೆಸರು ಕೊಡದಿದ್ದರೆ 'ಬಟನ್' ಎಂದಷ್ಟೇ ಹೇಳುತ್ತದೆ. ಒಂದೇ ಪರದೆಯಲ್ಲಿ ಆರು 'ಬಟನ್'! ಯಾವುದು ಬುಟ್ಟಿಗೆ ಹಾಕುತ್ತದೆ, ಯಾವುದು ಬುಟ್ಟಿಯಿಂದ ತೆಗೆಯುತ್ತದೆ? ಹಳೆಯ ಬೆಲೆಗೆ ಅಡ್ಡಗೀಟು ಹಾಕಿ ಹೊಸ ಬೆಲೆ ಪಕ್ಕದಲ್ಲಿ ಬರೆಯುತ್ತಾರಲ್ಲ, ಗೀಟು ಕಿವಿಗೆ ಕೇಳುವುದಿಲ್ಲ. 899 ಎನ್ನುತ್ತದೆ, 499 ಎನ್ನುತ್ತದೆ, ಕೊಡಬೇಕಾದ್ದೆಷ್ಟು ಎಂದು ಕೇಳುವವನೇ ಊಹಿಸಬೇಕು. ಅಂಗಿಯ ಬಣ್ಣ ಆರಿಸಲು ನಾಲ್ಕು ಬಣ್ಣದ ಚುಕ್ಕಿ ಇಟ್ಟಿರುತ್ತಾರೆ, ಚುಕ್ಕಿಗೆ ಹೆಸರಿಲ್ಲ. ಇಷ್ಟೆಲ್ಲ ದಾಟಿ ಹಣ ಕೊಡುವ ಕಡೆಗೆ ಬಂದರೆ, 'ನೀನು ಯಂತ್ರವಲ್ಲ ಎಂದು ತೋರಿಸು, ಟ್ರಾಫಿಕ್ ಸಿಗ್ನಲ್ ಇರುವ ಚಿತ್ರಗಳನ್ನು ಮುಟ್ಟು' ಎಂಬ ಅಪ್ಪಣೆ. ಕಣ್ಣಿಲ್ಲದವನು ಮನುಷ್ಯನಲ್ಲ ಎಂದೇ ಅರ್ಥವೇ ಸ್ವಾಮಿ?

ಇದು ಇಂಗ್ಲಿಷ್ ಬಲ್ಲ ಅಂಧರ ಪಾಡು. ಕನ್ನಡದಲ್ಲಿ ಓದಿದವರ ಪಾಡು ಇನ್ನೂ ಒಂದು ಕೈ ಹೆಚ್ಚು. ಹಬ್ಬದ ರಿಯಾಯಿತಿಯ ದೊಡ್ಡ ಕನ್ನಡ ಜಾಹೀರಾತು ಪರದೆಯ ತುಂಬ ಹರಡಿರುತ್ತದೆ. 'ದಸರಾ ಕೊಡುಗೆ' ಎಂದು ದಪ್ಪಕ್ಷರ ಇರುತ್ತದೆ, ಪಕ್ಕದಲ್ಲಿ ಅಂಬಾರಿ ಆನೆಯೂ ಇರುತ್ತದೆ. ನಾವು ನೋಡಿ ಖುಷಿಪಡುತ್ತೇವೆ. ಆದರೆ ಅದು ಬರೆಹವಲ್ಲ, ಅಕ್ಷರ ಬರೆದಿರುವ ಒಂದು ಚಿತ್ರ. ಸ್ಕ್ರೀನ್ ರೀಡರಿಗೆ ಅಲ್ಲಿ ಕನ್ನಡವೂ ಇಲ್ಲ, ಕೊಡುಗೆಯೂ ಇಲ್ಲ. ಇನ್ನೊಂದು ಇದಕ್ಕಿಂತ ಸಣ್ಣ ವಿಷಯ, ಇದಕ್ಕಿಂತ ದೊಡ್ಡ ಅನ್ಯಾಯ. ಪುಟದ ಕೋಡಿನಲ್ಲಿ 'ಇದು ಕನ್ನಡ' ಎಂದು ಯಂತ್ರಕ್ಕೆ ತಿಳಿಸುವ ಗುರುತೊಂದಿದೆ. ಎರಡೇ ಅಕ್ಷರ: ಕೆ, ಎನ್. ಅದನ್ನು ಹಾಕಿದರೆ ಕನ್ನಡದ ಧ್ವನಿ ತಾನಾಗಿ ಓದತೊಡಗುತ್ತದೆ. ಹಾಕದೆ ಬಿಟ್ಟರೆ, ಅಥವಾ ಕನ್ನಡ ಪುಟಕ್ಕೂ ಇಂಗ್ಲಿಷಿನ ಗುರುತನ್ನೇ ಅಂಟಿಸಿ ಬಿಟ್ಟರೆ, ಇಂಗ್ಲಿಷಿನ ಧ್ವನಿಯೇ ಕನ್ನಡದ ಮೇಲೆ ಸವಾರಿ ಮಾಡುತ್ತದೆ. ಕೆಲವು ಧ್ವನಿಗಳಂತೂ ಕನ್ನಡದ ಸಾಲನ್ನೇ ನುಂಗಿ ಮುಂದೆ ಹೋಗುತ್ತವೆ. ಪರದೆಯ ಮೇಲೆ ಕನ್ನಡ ಇದೆ, ಕಿವಿಯಲ್ಲಿ ಇಲ್ಲ! ಜಾಲತಾಣಗಳಿಗೆಂದು ಜಗತ್ತು ಒಪ್ಪಿರುವ ಡಬ್ಲ್ಯುಸಿಎಜಿ ಎಂಬ ನಿಯಮಾವಳಿಯಲ್ಲಿ, ಪುಟದ ಭಾಷೆ ಯಾವುದೆಂದು ಗುರುತಿಸಬೇಕು ಎಂಬುದು ಅತ್ಯಂತ ಕೆಳಗಿನ ಮೆಟ್ಟಿಲಿನ, ಕನಿಷ್ಠಕ್ಕೂ ಕನಿಷ್ಠವಾದ ಷರತ್ತು.

ನಮ್ಮವರದೇ ಇನ್ನೊಂದು ಕಥೆ ಇದೆ. ಹಳೆಯ ನುಡಿ ಫಾಂಟಿನಲ್ಲಿ, ಯೂನಿಕೋಡ್ ಅಲ್ಲದ ಬಗೆಯಲ್ಲಿ ಬೆರಳಚ್ಚು ಮಾಡಿದ 'ಕನ್ನಡ' ಎಂಬ ಪದದ ಒಡಲಲ್ಲಿ ಇರುವುದು ಇಂಗ್ಲಿಷಿನ 'ಪಿ'ಯಿಂದ ಶುರುವಾಗುವ ಒಂದು ಗೋಜಲು. ಸ್ಕ್ರೀನ್ ರೀಡರ್ ಆ ಗೋಜಲನ್ನೇ ಓದುತ್ತದೆ. ಯೂನಿಕೋಡಿನಲ್ಲಿ ಕನ್ನಡ 1991ರಿಂದ ಇದೆ. ಇಂದಿಗೂ ಹಳೆಯ ಫಾಂಟನ್ನು ಅಪ್ಪಿಕೊಂಡು ಬೆಲೆಪಟ್ಟಿ, ಬಿಲ್ಲು, ಸುತ್ತೋಲೆ ಹೊರಡಿಸುವವರನ್ನು ಏನೆನ್ನಬೇಕು?

ಇದರಿಂದ ಆಗುವುದೇನು ಎಂದು ಯೋಚಿಸಿ. ಡಿಗ್ರಿ ಓದಿ, ಸ್ವಂತ ಸಂಬಳದಲ್ಲಿ ಬದುಕುವ ಹೆಣ್ಣುಮಗಳೊಬ್ಬಳು ಒಳಉಡುಪು ಕೊಳ್ಳಲು, ತಿಂಗಳ ಪ್ಯಾಡು ಕೊಳ್ಳಲು ಪಕ್ಕದ ಮನೆಯವರ ಕಣ್ಣನ್ನು ಎರವಲು ಕೇಳಬೇಕು. ಓಟಿಪಿಯನ್ನು ಅವರಿಗೆ ಹೇಳಬೇಕು, ಕಾರ್ಡಿನ ನಂಬರನ್ನು ಅವರ ಕೈಗೆ ಕೊಡಬೇಕು. ತಾನು ಯಾವ ಕಾಯಿಲೆಗೆ ಯಾವ ಮಾತ್ರೆ ನುಂಗುತ್ತೇನೆ ಎಂಬುದು ಬೀದಿಗೆಲ್ಲ ಗೊತ್ತಾಗಬೇಕು. ಸಂಬಳ ಅವಳದು, ಬದುಕು ಅವಳದು, ಗುಟ್ಟು ಮಾತ್ರ ಊರಿನದು. ಪುಟ್ಟರಾಜ ಗವಾಯಿಗಳ ಫೋಟೋಗೆ ಹಾರ ಹಾಕಿ ಕೈಮುಗಿಯುವ ನಾಡು ಇದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರೂ, ಅವರ ಗುರು ಪಂಚಾಕ್ಷರಿ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿ ತಲೆಯೆತ್ತಿ ಬಾಳುವಂತೆ ಮಾಡಿದರು. ಆ ತಲೆ ಒಂದು ಸೋಪು ಕೊಳ್ಳಲು ತಗ್ಗಬೇಕೇ?

'ಬಹಳ ಖರ್ಚಾಗುತ್ತದೆ, ಬಹಳ ಕಷ್ಟ' ಎಂಬ ನೆಪವನ್ನು ನಂಬಬೇಡಿ. ಅಮೆರಿಕದ ಟಾರ್ಗೆಟ್ ಎಂಬ ದೈತ್ಯ ಅಂಗಡಿಯ ಮೇಲೆ 2006ರಲ್ಲಿ ಅಲ್ಲಿನ ಅಂಧರ ರಾಷ್ಟ್ರೀಯ ಒಕ್ಕೂಟ ಮೊಕದ್ದಮೆ ಹೂಡಿತು. ಚಿತ್ರಗಳಿಗೆ ವಿವರಣೆ ಇಲ್ಲ, ಮೌಸ್ ಇಲ್ಲದೆ ಖರೀದಿ ಮುಗಿಸಲು ಆಗುವುದಿಲ್ಲ ಎಂಬುದೇ ದೂರು. 2008ರಲ್ಲಿ ಟಾರ್ಗೆಟ್ 60 ಲಕ್ಷ ಡಾಲರ್ ಪರಿಹಾರ ನಿಧಿಗೆ ಒಪ್ಪಿ, ತಾಣವನ್ನು ಸರಿಪಡಿಸುವುದಾಗಿ ಬರೆದುಕೊಟ್ಟು ರಾಜಿ ಮಾಡಿಕೊಂಡಿತು. ಆ ಟಾರ್ಗೆಟ್‌ನ ದೊಡ್ಡ ಕಚೇರಿ ಎಲ್ಲಿದೆ ಗೊತ್ತೇ? ನಮ್ಮ ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ! ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 28ರಿಂದ ಆನ್‌ಲೈನ್ ಅಂಗಡಿಗಳು ಅಂಗವಿಕಲರಿಗೆ ಬಳಸಲು ಬರುವಂತೆ ಇರಲೇಬೇಕೆಂಬ ಕಾನೂನು ಜಾರಿಯಾಗಿದೆ. ಪರದೇಶದ ಗಿರಾಕಿಗಾಗಿ ಗುಂಡಿಗೊಂದು ಹೆಸರು, ಚಿತ್ರಕ್ಕೊಂದು ವಿವರಣೆ ಬರೆಯುವ ಎಂಜಿನಿಯರುಗಳು ಈ ಊರಿನಲ್ಲೇ ಇದ್ದಾರೆ. ಈ ಪತ್ರಿಕೆ ಓದುವ ನಿಮ್ಮಲ್ಲೇ ಎಷ್ಟೋ ಜನ ಅಂಥ ಕೆಲಸದಲ್ಲಿದ್ದೀರಿ. ಅಲ್ಲಿ ದಂಡದ ಭಯಕ್ಕೆ ಬರುವ ಬುದ್ಧಿ ಇಲ್ಲಿ ಯಾಕೆ ಬರುವುದಿಲ್ಲ?

ಇಲ್ಲಿ ಕಾನೂನಿಲ್ಲವೇ? ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 46ನೇ ಕಲಮು, ಸರ್ಕಾರಿಯಾಗಲಿ ಖಾಸಗಿಯಾಗಲಿ ಸೇವೆ ಕೊಡುವವರೆಲ್ಲ ನಿಯಮ ಬಂದ ಎರಡು ವರ್ಷದೊಳಗೆ ತಮ್ಮ ಸೇವೆಯನ್ನು ಎಲ್ಲರೂ ಬಳಸುವಂತೆ ಮಾಡಬೇಕು ಎನ್ನುತ್ತದೆ. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು ಮುಗಿದದ್ದು 2019ರಲ್ಲಿ. ಕಾಯ್ದೆ ಮೀರಿದರೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ ದಂಡ, ಆಮೇಲೆ 50 ಸಾವಿರದಿಂದ 5 ಲಕ್ಷ. ದೀಪಾವಳಿ ಸೇಲಿನಲ್ಲಿ ಒಂದು ನಿಮಿಷಕ್ಕೆ ಆಗುವ ವ್ಯಾಪಾರಕ್ಕೂ ಆ 10 ಸಾವಿರ ಸಾಟಿಯಲ್ಲ! 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೇಂದ್ರ ಸರ್ಕಾರ ಬರೆದ ನಿಯಮ ಬರೀ ಸಲಹೆಯಂತಿದೆ, ಕಾಯ್ದೆ ಕಡ್ಡಾಯ ಎಂದಾಗ ನಿಯಮವೂ ಕಡ್ಡಾಯವಾಗಿರಬೇಕು ಎಂದು ಹೇಳಿ 15ನೇ ನಿಯಮದ ಆ ಭಾಗವನ್ನು ಕಿತ್ತುಹಾಕಿತು. ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ತನ್ನಿ ಎಂದಿತು. 2025ರ ಏಪ್ರಿಲ್ 30ರಂದು, ಬ್ಯಾಂಕಿನ ಗುರುತು ಪರಿಶೀಲನೆಯಲ್ಲಿ 'ಕಣ್ಣು ಮಿಟುಕಿಸಿ' ಎಂಬ ಷರತ್ತಿನಿಂದ ಹೊರಗುಳಿದ ಆಸಿಡ್ ದಾಳಿ ಸಂತ್ರಸ್ತರು ಮತ್ತು ಅಂಧ ವಕೀಲರೊಬ್ಬರು ತಂದ ಪ್ರಕರಣಗಳಲ್ಲಿ, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗ ಎಂದು ಅದೇ ನ್ಯಾಯಾಲಯ ಸಾರಿತು.

ಸರ್ಕಾರಗಳಿಗೆ ಹೆಸರು ಬದಲಿಸುವ ಚಪಲ ಜಾಸ್ತಿ. ಅಂಗವಿಕಲರು ಎಂದರು, ವಿಕಲಚೇತನರು ಎಂದರು, ಈಗ ವಿಶೇಷಚೇತನರು ಎನ್ನುತ್ತಾರೆ. ಹೆಸರಿಗೆ ಕೊಟ್ಟ ಗಮನದಲ್ಲಿ ಕಾಲು ಭಾಗವನ್ನು ಗುಂಡಿಯ ಹೆಸರಿಗೆ ಕೊಟ್ಟಿದ್ದರೆ ಸಾಕಿತ್ತು. ಕಣ್ಣಿನ ಮಾತನ್ನೇ ಹೆಚ್ಚು ಹೇಳಿದೆ. ಕಿವಿ ಕೇಳದವನಿಗೆ 'ದೂರಿಗೆ ಫೋನ್ ಮಾಡಿ' ಎನ್ನುವ ಅಂಗಡಿಯೂ, ಕೈ ನಡುಗುವ ಅಜ್ಜಿಗೆ ಎಳ್ಳುಕಾಳಿನಷ್ಟು ಗುಂಡಿ ಇಟ್ಟಿರುವ ಅಂಗಡಿಯೂ ಇದೇ ಜಾತಿಯವು.

ಈಗ ನಿಮ್ಮ ಪಾಳಿ. ಮೊಬೈಲಿನ ಸೆಟ್ಟಿಂಗ್ಸಿಗೆ ಹೋಗಿ ಟಾಕ್‌ಬ್ಯಾಕ್ ಚಾಲೂ ಮಾಡಿ. ಅಂಗಡಿಯ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಕಣ್ಣು ಮುಚ್ಚಿ. ಬೆರಳನ್ನು ಬಲಕ್ಕೆ ಸರಿಸುತ್ತಾ ಹೋದರೆ ಒಂದೊಂದೇ ಓದುತ್ತದೆ, ಎರಡು ಸಲ ತಟ್ಟಿದರೆ ಆಯ್ಕೆಯಾಗುತ್ತದೆ. ಒಂದು ಕಿಲೋ ಸೋನಾ ಮಸೂರಿ ಹುಡುಕಿ ಹಣ ಕೊಡುವವರೆಗೆ ಹೋಗಿ ನೋಡಿ. ಎಲ್ಲಿ ಸಿಕ್ಕಿಬಿದ್ದಿರಿ, ಎಲ್ಲಿ ಕನ್ನಡ ಮಾಯವಾಯಿತು ಎಂದು ಬರೆದಿಟ್ಟುಕೊಳ್ಳಿ. ನಿಮ್ಮ ಬಡಾವಣೆಯ ಅಂಧ ಗೆಳೆಯರನ್ನು ಜೊತೆಗೆ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು, ಅವರಿಗೆ ನಿಮಗಿಂತ ಹೆಚ್ಚು ಗೊತ್ತು. 2020ರ ಇ-ಕಾಮರ್ಸ್ ಗ್ರಾಹಕ ನಿಯಮದಂತೆ ಪ್ರತಿ ಆನ್‌ಲೈನ್ ಅಂಗಡಿಯೂ ಕುಂದುಕೊರತೆ ಅಧಿಕಾರಿಯ ಹೆಸರು, ವಿಳಾಸವನ್ನು ತಾಣದಲ್ಲಿ ಹಾಕಬೇಕು, ದೂರು ತಲುಪಿದೆ ಎಂದು 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆ ಅಧಿಕಾರಿಗೆ ಕನ್ನಡದಲ್ಲೇ ಬರೆಯಿರಿ, ಯೂನಿಕೋಡಿನಲ್ಲಿ ಬರೆಯಿರಿ. ತಿಂಗಳು ಕಳೆದರೂ ಕದಲದಿದ್ದರೆ ಅದೇ ದೂರನ್ನು ಅಂಗವಿಕಲರ ಹಕ್ಕುಗಳನ್ನು ನೋಡಿಕೊಳ್ಳುವ ರಾಜ್ಯ ಆಯುಕ್ತರಿಗೆ ಕಳಿಸಿ, ಒಂದು ಪ್ರತಿಯನ್ನು ನಿಮ್ಮ ಸಂಘಟನೆಯ ಕಚೇರಿಯಲ್ಲಿ ಇಡಿ. ಮುಂದಿನ ರಾಜ್ಯೋತ್ಸವದ ಹಕ್ಕೊತ್ತಾಯದ ಪಟ್ಟಿಯಲ್ಲಿ ಬೋರ್ಡಿನ ಕೆಳಗಿನ ಸಾಲು ಇದಕ್ಕೆ ಮೀಸಲಿರಲಿ.