ತೊಂಬತ್ತು ನಿಮಿಷ ಸಾಕೆ?

ಹಾಂಗ್‌ಕಾಂಗ್ ನಗರದ ನಾರ್ತ್ ಪಾಯಿಂಟ್ ಎಂಬಲ್ಲಿ ‘ಸನ್‌ಬೀಮ್’ ಎಂಬ ನಾಟಕಮಂದಿರವಿತ್ತು. 1972ರಲ್ಲಿ ಆರಂಭವಾದ ಈ ಮಂದಿರ ದಶಕಗಳ ಕಾಲ ಕ್ಯಾಂಟನೀಸ್ ಒಪೆರಾದ ಕಾಯಂ ಮನೆಯಾಗಿತ್ತು. ಇನ್ನೇನು ಮುಚ್ಚಿತು ಎಂಬ ಸುದ್ದಿ ಹಲವು ಬಾರಿ ಬಂದಿತ್ತು. ಪ್ರತಿ ಸಲವೂ ಯಾರಾದರೊಬ್ಬರು ಮುಂದೆ ಬಂದು ಉಳಿಸಿಕೊಂಡಿದ್ದರು. 2025ರ ಮಾರ್ಚ್‌ನಲ್ಲಿ ಮಾತ್ರ ಹಾಗಾಗಲಿಲ್ಲ. ಕೊನೆಯ ಪ್ರದರ್ಶನ ಮುಗಿಯಿತು, ಬಾಗಿಲಿಗೆ ಬೀಗ ಬಿತ್ತು.

ಅದೇ ನಗರದ ವೆಸ್ಟ್ ಕೌಲೂನ್‌ನಲ್ಲಿ 2019ರ ಜನವರಿಯಲ್ಲಿ ‘ಶೀಚು ಸೆಂಟರ್’ ಎಂಬ ಭವ್ಯ ರಂಗಮಂದಿರ ಆರಂಭವಾಗಿತ್ತು. ಚೀನದ ಸಾಂಪ್ರದಾಯಿಕ ಸಂಗೀತನಾಟಕಗಳಿಗೆಂದೇ ಕಟ್ಟಿದ ಕಟ್ಟಡ ಇದು. ದೊಡ್ಡ ಸಭಾಂಗಣದಲ್ಲಿ 1,073 ಆಸನಗಳು. ಜೊತೆಗೆ ಚಹಾ ಕುಡಿಯುತ್ತ ನಾಟಕ ನೋಡುವ, ಇನ್ನೂರು ಜನ ಹಿಡಿಸುವ ಪುಟ್ಟ ರಂಗಮಂದಿರವೂ ಇದೆ. ಅಲ್ಲಿ ಆಯ್ದ ದೃಶ್ಯಗಳನ್ನು ವಿವರಣೆಯ ಸಮೇತ ತೊಂಬತ್ತು ನಿಮಿಷಗಳಲ್ಲಿ ತೋರಿಸುತ್ತಾರೆ. ಪೂರ್ತಿ ಒಪೆರಾ ನೋಡಬೇಕೆಂದರೆ ಮೂರೂವರೆ, ನಾಲ್ಕು ಗಂಟೆ ಬೇಕು.

ನಾಲ್ಕು ಗಂಟೆಯ ಕಲೆಯನ್ನು ಒಂದೂವರೆ ಗಂಟೆಗೆ ಇಳಿಸಿದರೆ ಅದು ಉಳಿದಂತೆಯೋ, ಅಳಿದಂತೆಯೋ? ಹಳೆಯದನ್ನು ಹೊಸ ಕಾಲಕ್ಕೆ ತರುವಾಗ ಏನನ್ನು ಬಿಡಬಹುದು, ಏನನ್ನು ಬಿಡಕೂಡದು? ವಿದ್ಯಾರ್ಥಿ ಮಿತ್ರರೇ, ಈ ವಾರ ಈ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ವಿಜ್ಞಾನದ ಮೇಷ್ಟ್ರಿಗೆ ಒಪೆರಾದ ಗೊಡವೆ ಏಕೆ ಎಂದು ಕೇಳಬೇಡಿ. ನಡುವೆ ವಿಜ್ಞಾನವೂ ಬರುತ್ತದೆ.

ಕೆಂಪು ದೋಣಿಯ ನಟರು

ದಕ್ಷಿಣ ಚೀನದ ಗುವಾಂಗ್‌ಡಾಂಗ್ ಪ್ರಾಂತದ ಬಹುಭಾಗ, ಹಾಂಗ್‌ಕಾಂಗ್ ಮತ್ತು ಮಕಾವ್‌ಗಳಲ್ಲಿ ಜನರಾಡುವ ಮಾತು ಕ್ಯಾಂಟನೀಸ್. ಆ ಮಾತಿನಲ್ಲಿ ನಡೆಯುವ ಸಂಗೀತನಾಟಕವೇ ಕ್ಯಾಂಟನೀಸ್ ಒಪೆರಾ. ಇದರ ನಟನಿಗೆ ನಾಲ್ಕು ವಿದ್ಯೆ ಬರಬೇಕು: ಹಾಡು, ಅಭಿನಯ, ಮಾತು ಮತ್ತು ಕಾಳಗದ ವರಸೆ. ಹಿಮ್ಮೇಳದ ಯಜಮಾನಿಕೆ ಚಿಕ್ಕ ನಗಾರಿ, ಮರದ ತಾಳವಾದ್ಯ ನುಡಿಸುವವನದು. ತನಗೆ ಈಗ ಯಾವ ಬಡಿತ ಬೇಕೆಂಬುದನ್ನು ನಟ ರಂಗದ ಮೇಲಿಂದಲೇ ಕೈಸನ್ನೆಯಲ್ಲಿ ಅವನಿಗೆ ತಿಳಿಸುತ್ತಾನೆ. ಯಕ್ಷಗಾನದಲ್ಲಿ ವೇಷಧಾರಿಗೂ ಹಿಮ್ಮೇಳಕ್ಕೂ ಇರುವ ಹೊಂದಾಣಿಕೆಯನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು.

ಹಿಂದಿನ ಕಾಲದಲ್ಲಿ ಮೇಳಗಳು ಕೆಂಪು ಬಣ್ಣದ ದೋಣಿಗಳಲ್ಲಿ ನದಿಯಗುಂಟ ಊರೂರು ಸುತ್ತುತ್ತಿದ್ದವು. ದೇವತೆಗಳ ಉತ್ಸವಕ್ಕೆ ಬಿದಿರಿನ ಗಳಗಳನ್ನು ಕಟ್ಟಿ ತಾತ್ಕಾಲಿಕ ರಂಗಮಂದಿರ ಎಬ್ಬಿಸುತ್ತಿದ್ದರು. ಸಮುದ್ರದೇವತೆ ಟಿನ್ ಹೌ ಜಾತ್ರೆಗೆ ಬಿದಿರಿನ ರಂಗ ಕಟ್ಟುವ ಪದ್ಧತಿ ಹಾಂಗ್‌ಕಾಂಗ್‌ನ ದ್ವೀಪಗಳಲ್ಲಿ ಮುಂದುವರಿದು ಬಂದಿದೆ. ಅಲ್ಲಿ ಆಟ ನಡೆಯುವುದು ಮೊದಲು ದೇವರಿಗೆ, ಆಮೇಲೆ ಜನರಿಗೆ.

ಈ ಕಲೆ ಸಾಯುವ ಹಂತಕ್ಕೆ ಬಂದದ್ದು ಇದೇ ಮೊದಲಲ್ಲ. 1854ರಲ್ಲಿ ಲೀ ವೆನ್‌ಮಾವ್ ಎಂಬ ಒಪೆರಾ ನಟ ತನ್ನ ಜೊತೆಗಾರರನ್ನು ಕಟ್ಟಿಕೊಂಡು ಚಿಂಗ್ ಅರಸೊತ್ತಿಗೆಯ ವಿರುದ್ಧ ದಂಗೆ ಎದ್ದ. ಸರ್ಕಾರ ಆ ಸಿಟ್ಟಿಗೆ ಇಡೀ ಕಲೆಯನ್ನೇ ನಿಷೇಧಿಸಿತು. ಹತ್ತು ವರ್ಷಕ್ಕೂ ಮೀರಿ ಆ ನಿಷೇಧ ಇತ್ತು. ಆದರೂ ಕಲಾವಿದರು ಹೇಗೋ ಉಳಿದರು. 1889ರಲ್ಲಿ ಗುವಾಂಗ್‌ಝೌ ನಗರದಲ್ಲಿ ಮತ್ತೆ ತಮ್ಮ ಸಂಘವನ್ನು ಕಟ್ಟಿಕೊಂಡರು. ಅದಕ್ಕೂ ಮೊದಲೇ, 1852ರಲ್ಲಿ, ಒಂದು ಮೇಳ ಸಮುದ್ರ ದಾಟಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಆಡಿ ಬಂದಿತ್ತು. ಚಿನ್ನದ ಆಸೆಗೆ ಅಲ್ಲಿಗೆ ಹೋಗಿದ್ದ ಊರಿನ ಜನರೇ ಪ್ರೇಕ್ಷಕರು. 2009ರಲ್ಲಿ ಯುನೆಸ್ಕೋ ಈ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

‘ಹಳೆಯದು’ ಎಷ್ಟು ಹಳೆಯದು?

‘ಸಂಪ್ರದಾಯವನ್ನು ಮುಟ್ಟಬೇಡಿ’ ಎನ್ನುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಆದರೆ ಇಂದು ನಾವು ‘ಸಾಂಪ್ರದಾಯಿಕ’ ಎನ್ನುವ ಕ್ಯಾಂಟನೀಸ್ ಒಪೆರಾ ರೂಪುಗೊಂಡದ್ದು ಹೇಗೆ? ಅದಕ್ಕೆ ಮುಂಚೆ ನಟರು ಹಾಡುತ್ತಿದ್ದುದು ಜನ ಮನೆಯಲ್ಲಾಡುವ ಕ್ಯಾಂಟನೀಸ್‌ನಲ್ಲಲ್ಲ, ರಂಗಕ್ಕೆಂದೇ ಇದ್ದ ಉತ್ತರದ ಕಡೆಯ ಭಾಷೆಯಲ್ಲಿ. ಅದು ಪೂರ್ತಿ ಕ್ಯಾಂಟನೀಸ್ ಆದದ್ದು 1920-30ರ ದಶಕಗಳಲ್ಲಿ. ಅದುವರೆಗೆ ನಾಯಕ ಪಾತ್ರಧಾರಿ ಕೃತಕವಾಗಿ ಎತ್ತರಿಸಿದ ದನಿಯಲ್ಲಿ ಹಾಡುತ್ತಿದ್ದ. ಸಹಜ ಕಂಠ ಬಂದದ್ದೂ ಆಗಲೇ. ಪಿಟೀಲು, ಸ್ಯಾಕ್ಸೋಫೋನ್‌ಗಳು ಹಿಮ್ಮೇಳಕ್ಕೆ ಸೇರಿದ್ದೂ ಆ ಕಾಲದಲ್ಲೇ. ಇಂದು ಈ ಸಂಗೀತದ ಗುರುತಾಗಿರುವ ‘ಗಾವ್‌ಹು’ ಎಂಬ ಎರಡು ತಂತಿಯ ವಾದ್ಯವೂ 1920ರ ದಶಕದ್ದು. ಲ್ಯೂ ವೆನ್‌ಚೆಂಗ್ ಎಂಬ ಸಂಗೀತಗಾರರು ರೇಷ್ಮೆ ತಂತಿಯ ಬದಲು ಉಕ್ಕಿನ ತಂತಿ ಹಾಕಿ ಅದನ್ನು ರೂಪಿಸಿದರು. ಹಾಂಗ್‌ಕಾಂಗ್‌ನಲ್ಲಿ ಗಂಡಸರು ಹೆಂಗಸರು ಒಂದೇ ಮೇಳದಲ್ಲಿ ನಟಿಸಲು ಸರ್ಕಾರದ ಅನುಮತಿ ಸಿಕ್ಕಿದ್ದು 1933ರಲ್ಲಿ.

ಅಂದರೆ ಅಜ್ಜಂದಿರ ಕಾಲದ ಪ್ರಯೋಗವೇ ಮೊಮ್ಮಕ್ಕಳ ಕಾಲಕ್ಕೆ ಸಂಪ್ರದಾಯವಾಯಿತು.

ಈಗ ‘ಕ್ಲಾಸಿಕ್’ ಎಂದು ಕರೆಯುವ ನಾಟಕಗಳನ್ನೇ ನೋಡಿ. ಅವುಗಳಲ್ಲಿ ಬಹಳಷ್ಟನ್ನು ಬರೆದವರು ಟಾಂಗ್ ಟಿಕ್‌ಸಾಂಗ್. ಹುಟ್ಟಿದ್ದು 1917ರಲ್ಲಿ. ನಾನೂರಕ್ಕೂ ಹೆಚ್ಚು ನಾಟಕಗಳಿಗೆ ಅವರು ಕೈಹಾಕಿದ್ದರು. 1956ರಲ್ಲಿ ಯಾಮ್ ಕಿಮ್‌ಫಾಯ್ ಮತ್ತು ಪಾಕ್ ಸುಯೆಟ್‌ಸಿನ್ ಎಂಬ ಇಬ್ಬರು ನಟಿಯರು ‘ಸಿನ್ ಫಂಗ್ ಮಿಂಗ್’ ಎಂಬ ಮೇಳ ಕಟ್ಟಿದರು. ಯಾಮ್ ಅವರದು ಪುರುಷ ಪಾತ್ರ, ಪಾಕ್ ಅವರದು ನಾಯಕಿಯ ಪಾತ್ರ. ಈ ಮೇಳಕ್ಕಾಗಿ ಟಾಂಗ್ ಹಳೆಯ ಚೀನೀ ನಾಟಕಗಳ ಕಥೆಗಳನ್ನು ತೆಗೆದುಕೊಂಡು, ಅಡ್ಡಕಥೆಗಳನ್ನು ಕತ್ತರಿಸಿ, ಒಂದೇ ರಾತ್ರಿಯಲ್ಲಿ ಮುಗಿಯುವಂತೆ ಹೊಸದಾಗಿ ಬರೆದುಕೊಟ್ಟರು. 1957ರ ‘ದಾಯ್ ನೊಯಿ ಫಾ’, ಅಂದರೆ ರಾಜಕುಮಾರಿಯ ಕಥೆ, ಇವುಗಳಲ್ಲೆಲ್ಲ ಪ್ರಸಿದ್ಧ. 1644ರಲ್ಲಿ ಮಿಂಗ್ ಅರಸೊತ್ತಿಗೆ ಉರುಳಿದಾಗ ಬದುಕುಳಿದ ರಾಜಕುಮಾರಿ ತನ್ನ ವರನೊಡನೆ ಮದುವೆಯ ರಾತ್ರಿಯೇ ವಿಷ ಕುಡಿಯುವ ಕಥೆ ಅದು. ಅದರ ಕೊನೆಯ ಹಾಡು ಗೊತ್ತಿಲ್ಲದ ಹಾಂಗ್‌ಕಾಂಗ್‌ನವರು ಕಡಿಮೆ.

1959ರ ಸೆಪ್ಟೆಂಬರ್‌ನಲ್ಲಿ ‘ಕೆಂಪು ಪ್ಲಮ್ ಹೂವಿನ ಪುನರ್ಜನ್ಮ’ ಎಂಬ ನಾಟಕದ ಮೊದಲ ಪ್ರದರ್ಶನ ನಡೆಯುತ್ತಿದ್ದಾಗಲೇ ಟಾಂಗ್ ಪ್ರೇಕ್ಷಕರ ನಡುವೆ ಕುಸಿದರು. ಆಮೇಲೆ ಉಳಿಯಲಿಲ್ಲ. ಆಗ ಅವರಿಗೆ 42 ವರ್ಷ. ಅರವತ್ತು ವರ್ಷಗಳ ನಂತರ ಶೀಚು ಸೆಂಟರ್ ಉದ್ಘಾಟನೆಗೆ ಆರಿಸಿಕೊಂಡದ್ದು ಇದೇ ನಾಟಕವನ್ನು. ತೊಂಬತ್ತು ದಾಟಿದ್ದ ಪಾಕ್ ಸುಯೆಟ್‌ಸಿನ್ ಅವರೇ ಮುಂದೆ ನಿಂತು ಅದನ್ನು ರಂಗಕ್ಕೆ ತಂದರು.

ದನಿಯಲ್ಲಿ ಅಡಗಿದ ಅರ್ಥ

ಇಷ್ಟೆಲ್ಲ ಬದಲಾಯಿಸಬಹುದಾದರೆ ಬದಲಾಯಿಸಬಾರದ್ದು ಏನು? ಇಲ್ಲಿ ವಿಜ್ಞಾನಕ್ಕೆ ಬರೋಣ.

ಕನ್ನಡದಲ್ಲಿ ‘ಬಾ’ ಎಂಬುದನ್ನು ಸಿಟ್ಟಿನಿಂದ ಹೇಳಿ, ಪ್ರೀತಿಯಿಂದ ಹೇಳಿ, ದನಿ ಏರಿಸಿ ಹೇಳಿ, ಇಳಿಸಿ ಹೇಳಿ. ಭಾವ ಬದಲಾಗುತ್ತದೆ, ಆದರೆ ಅರ್ಥ ‘ಬಾ’ ಎಂದೇ ಉಳಿಯುತ್ತದೆ. ಕ್ಯಾಂಟನೀಸ್‌ನಲ್ಲಿ ಹಾಗಿಲ್ಲ. ಗಂಟಲಿನ ಧ್ವನಿತಂತುಗಳು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತವೆ ಎಂಬುದರ ಮೇಲೆ ಸ್ಥಾಯಿ ನಿಂತಿದೆ ಎಂದು ಪಾಠದಲ್ಲಿ ಓದಿದ್ದೀರಿ. ಕ್ಯಾಂಟನೀಸ್‌ನಲ್ಲಿ ಆರು ಬಗೆಯ ಸ್ಥಾಯಿಗಳಿವೆ, ಅವುಗಳಿಂದಲೇ ಪದದ ಅರ್ಥ ತೀರ್ಮಾನವಾಗುತ್ತದೆ. ‘ಸಿ’ ಎಂಬ ಒಂದೇ ಅಕ್ಷರವನ್ನು ಆರು ರೀತಿಯಲ್ಲಿ ಹೇಳಿದರೆ ಕವಿತೆ, ಇತಿಹಾಸ, ಪರೀಕ್ಷೆ, ಸಮಯ, ಪೇಟೆ, ಸಂಗತಿ ಎಂಬ ಆರು ಬೇರೆ ಬೇರೆ ಅರ್ಥಗಳು ಬರುತ್ತವೆ!

ಈಗ ಹಾಡು ಕಟ್ಟುವವನ ಕಷ್ಟ ಯೋಚಿಸಿ. ರಾಗ ಮೇಲೇರುವ ಕಡೆ ಇಳಿದನಿಯ ಪದ ಇಟ್ಟರೆ ‘ಪರೀಕ್ಷೆ’ ಹೋಗಿ ‘ಕವಿತೆ’ ಆಗಬಹುದು. ಹಾಗಾಗಿ ರಾಗದ ಏರಿಳಿತಕ್ಕೂ ಪದದ ಏರಿಳಿತಕ್ಕೂ ಆದಷ್ಟು ಹೊಂದಿಕೆ ಇರುವಂತೆ ಕವಿ ಪದ ಹೊಂದಿಸಬೇಕು. ಟಾಂಗ್ ಅವರ ಹೆಚ್ಚುಗಾರಿಕೆ ಇದ್ದದ್ದು ಇಲ್ಲಿ. ಈ ಹಾಡುಗಳನ್ನು ಬೇರೆ ಭಾಷೆಗೆ ತಿರುಗಿಸಿದರೆ ಕಥೆ ಉಳಿದೀತು, ಪದವೂ ರಾಗವೂ ಒಂದೇ ಆಗಿದ್ದ ಆ ಬೆಸುಗೆ ಬಿಟ್ಟುಹೋಗುತ್ತದೆ. ಆದ್ದರಿಂದಲೇ ಪರಭಾಷೆಯವರಿಗಾಗಿ ಹಾಡಿನ ಭಾಷೆಯನ್ನು ಬದಲಾಯಿಸುವುದಿಲ್ಲ. ರಂಗದ ಬದಿಯ ಫಲಕದಲ್ಲಿ ಚೀನೀ ಲಿಪಿಯ ಸಾಲುಗಳೂ ಇಂಗ್ಲಿಷ್ ಅನುವಾದವೂ ಮೂಡುತ್ತವೆ. ವೇಷಕ್ಕೆ ಹೊಸ ಬಟ್ಟೆ ಬರಬಹುದು, ಹೊಸ ಬೆಳಕು ಬರಬಹುದು. ಮಾತು ಮತ್ತು ರಾಗದ ನಂಟು ಕಡಿದರೆ ಮಾತ್ರ ಉಳಿಯುವುದು ಬರಿಯ ಅಲಂಕಾರ.

ಇಂದಿನ ಪ್ರಯತ್ನಗಳು

ಹೊಸ ಪ್ರೇಕ್ಷಕರನ್ನು ಕರೆತರಲು ಹಲವರು ಹಲವು ದಾರಿ ಹಿಡಿದಿದ್ದಾರೆ. 2016ರಲ್ಲಿ ವೆಸ್ಟ್ ಕೌಲೂನ್‌ನವರು ‘ಫೇರ್‌ವೆಲ್ ಮೈ ಕಾಂಕ್ಯುಬೈನ್’ ಎಂಬ ಹಳೆಯ ಕಥೆಯನ್ನು ಸಣ್ಣ ರಂಗಕ್ಕೆ ಅಳವಡಿಸಿದರು. ಯುವ ಕಲಾವಿದರೇ ಬರೆದು, ನಿರ್ದೇಶಿಸಿ, ನಟಿಸಿದ ಪ್ರಯೋಗ ಅದು. 2019ರಲ್ಲಿ ಸನ್‌ಬೀಮ್ ಮಂದಿರದಲ್ಲಿ ಲೀ ಕುಯಿಮಿಂಗ್ ಎಂಬ ನಾಟಕಕಾರರು ಅಮೆರಿಕದ ಅಧ್ಯಕ್ಷ ಟ್ರಂಪ್ ಅವರನ್ನೇ ಪಾತ್ರವಾಗಿಸಿ ಒಪೆರಾ ಆಡಿಸಿದರು. ನಾಟಕ ಕಂಡು ನಕ್ಕವರೂ ಇದ್ದರು, ಮುಖ ಸಿಂಡರಿಸಿದವರೂ ಇದ್ದರು. ಗುವಾಂಗ್‌ಡಾಂಗ್‌ನ ಒಪೆರಾ ಸಂಸ್ಥೆ 2014ರಲ್ಲಿ ರಂಗಕ್ಕೆ ತಂದಿದ್ದ ಬಿಳಿ ಹಾವಿನ ಪ್ರೇಮಕಥೆ 2021ರಲ್ಲಿ ಚಲನಚಿತ್ರವಾಗಿ ಬಿಡುಗಡೆಯಾಯಿತು. ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಅಲೆಗಳ ನಡುವೆ ನಟಿ ಉದ್ದನೆಯ ತೋಳುಗಳನ್ನು ಬೀಸುವ ಆ ಚಿತ್ರ ಎರಡು ಕೋಟಿ ಯುವಾನ್‌ಗೂ ಹೆಚ್ಚು ಗಳಿಸಿತು. ಚೀನದ ಒಪೆರಾ ಚಿತ್ರಗಳ ಮಟ್ಟಿಗೆ ಅದು ದಾಖಲೆ. ನೋಡಿದವರಲ್ಲಿ ಕಾಲೇಜು ಹುಡುಗ ಹುಡುಗಿಯರು ಬಹಳ ಮಂದಿ.

ಆದರೆ ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಸದ್ದಿಲ್ಲದ ಬೇರೆ ಎರಡು ಕೆಲಸಗಳು. ಯೌ ಮಾ ಟೇ ಎಂಬಲ್ಲಿ 1930ರಲ್ಲಿ ಕಟ್ಟಿದ ಹಳೆಯ ಸಿನಿಮಾ ಮಂದಿರವನ್ನು 2012ರಲ್ಲಿ ದುರಸ್ತಿ ಮಾಡಿ 300 ಆಸನಗಳ ಒಪೆರಾ ರಂಗವಾಗಿಸಿದರು. ಹಿರಿಯ ಕಲಾವಿದರ ಮಾರ್ಗದರ್ಶನದಲ್ಲಿ ಕಿರಿಯರು ಅಲ್ಲಿ ಪೂರ್ಣ ನಾಟಕಗಳನ್ನು ಆಡತೊಡಗಿದರು. ಸಾವಿರ ಆಸನದ ಮಂದಿರವನ್ನು ಬಾಡಿಗೆಗೆ ಹಿಡಿಯಲು ಹೊಸಬರಿಗೆ ಶಕ್ತಿ ಎಲ್ಲಿಂದ ಬರಬೇಕು? ಇನ್ನೊಂದು, 2013ರಲ್ಲಿ ಹಾಂಗ್‌ಕಾಂಗ್‌ನ ಪ್ರದರ್ಶನ ಕಲೆಗಳ ಅಕಾಡೆಮಿ ಚೀನೀ ಒಪೆರಾದಲ್ಲಿ ಪದವಿ ತರಗತಿ ಆರಂಭಿಸಿದ್ದು. ಅಲ್ಲಿಯವರೆಗೆ ‘ಒಪೆರಾ ಕಲಿಯುತ್ತೇನೆ’ ಎಂದ ಮಗುವಿಗೆ ‘ಮೊದಲು ಡಿಗ್ರಿ ಮಾಡು, ಆಮೇಲೆ ನೋಡೋಣ’ ಎನ್ನುವುದು ತಂದೆತಾಯಿಯರಿಗೆ ಸುಲಭವಾಗಿತ್ತು. ಈಗ ಡಿಗ್ರಿಯೇ ಅದರಲ್ಲಿ ಸಿಗುತ್ತದೆ. ಅದರಿಂದ ಅನ್ನದ ಚಿಂತೆ ತೀರಿತೆಂದೇನೂ ಅಲ್ಲ. ಆದರೆ ಕಲಿಕೆಗೆ ಒಂದು ಮರ್ಯಾದೆ ಸಿಕ್ಕಿತು.

ಕಲಿಸುವ ಈ ಕೆಲಸವೂ ಹೊಸದಲ್ಲ. ಯಾಮ್ ಮತ್ತು ಪಾಕ್ 1960ರ ದಶಕದಲ್ಲಿ, ಜನಪ್ರಿಯತೆಯ ತುದಿಯಲ್ಲಿದ್ದಾಗಲೇ, ಕಿರಿಯರನ್ನು ಆರಿಸಿ ಕಲಿಸಿ ‘ಚೋರ್ ಫಂಗ್ ಮಿಂಗ್’ ಎಂಬ ಮೇಳ ಬೆಳೆಸಿದರು. ‘ಸಿನ್ ಫಂಗ್’ ಎಂದರೆ ಗರುಡನಂತಹ ದೈವೀ ಹಕ್ಕಿ ಎನ್ನಬಹುದು, ‘ಚೋರ್ ಫಂಗ್’ ಅದರ ಮರಿ. ಆ ಮರಿಗಳಲ್ಲಿ ಇಬ್ಬರು, ಲುಂಗ್ ಕಿಮ್‌ಸಾಂಗ್ ಮತ್ತು ಮುಯಿ ಸುಯೆಟ್‌ಸಿ, 1976ರಲ್ಲಿ ಜಾನ್ ವೂ ನಿರ್ದೇಶಿಸಿದ ರಾಜಕುಮಾರಿಯ ಚಿತ್ರದಲ್ಲಿ ನಟಿಸಿದರು. ಮುಂದೆ ಹಾಲಿವುಡ್‌ಗೆ ಹೋಗಿ ಹೆಸರು ಮಾಡಿದ ಜಾನ್ ವೂ ಅವರೇ ಇವರು. 1989ರಲ್ಲಿ ಯಾಮ್ ತೀರಿಕೊಂಡರು. 1957ರ ನಾಟಕಗಳು ಅವರೊಡನೆ ಹೋಗಲಿಲ್ಲ, ಏಕೆಂದರೆ ಅವು ಆಗಲೇ ಶಿಷ್ಯರ ಕೊರಳಿಗೆ ಇಳಿದಿದ್ದವು.

ಹಾಗಾದರೆ ತೊಂಬತ್ತು ನಿಮಿಷ ಸಾಕೆ? ಮೊದಲ ಸಲ ಬರುವ ಪ್ರೇಕ್ಷಕನಿಗೆ ಧಾರಾಳ ಸಾಕು. ಚಹಾ ಕುಡಿದು, ವಿವರಣೆ ಕೇಳಿ, ಒಂದು ದೃಶ್ಯ ಮೆಚ್ಚಿ ಹೋದವನು ಮುಂದಿನ ತಿಂಗಳು ನಾಲ್ಕು ಗಂಟೆಯ ಆಟಕ್ಕೆ ಬಂದರೆ ಆ ತೊಂಬತ್ತು ನಿಮಿಷ ಸಾರ್ಥಕ. ಆದರೆ ಹೋಗಲು ನಾಲ್ಕು ಗಂಟೆಯ ಆಟವೇ ಎಲ್ಲೂ ಇಲ್ಲವಾದರೆ? ಸನ್‌ಬೀಮ್ ಮುಚ್ಚಿದ್ದರಿಂದ ಆದ ನಷ್ಟದ ಲೆಕ್ಕ ಹಾಕಬೇಕಾದದ್ದು ಇಲ್ಲೇ. ಅಲ್ಲಿಗೆ ಬರುತ್ತಿದ್ದವರು ಪ್ರವಾಸಿಗಳಲ್ಲ. ಒಂದೇ ನಾಟಕವನ್ನು ಹತ್ತಾರು ಸಲ ನೋಡಿ, ನಟ ಎಲ್ಲಿ ತಾಳ ತಪ್ಪಿದ ಎಂದು ಹೇಳಬಲ್ಲ ಅಜ್ಜ ಅಜ್ಜಿಯರು. ಅಂತಹ ಕಿವಿಗಳು ಮುಂದಿನ ಸಾಲಿನಲ್ಲಿ ಇದ್ದರೆ ಮಾತ್ರ ನಟ ಎಚ್ಚರವಾಗಿರುತ್ತಾನೆ. ಹೊಸ ಕಟ್ಟಡವನ್ನು ಹಣ ಕೊಟ್ಟು ಕಟ್ಟಿಸಬಹುದು. ಅಂತಹ ಕಿವಿಗಳು ತಯಾರಾಗಲು ಒಂದು ಆಯುಷ್ಯ ಬೇಕು.

ನಟನಿಗಂತೂ ಯಾವ ಸಂಕ್ಷೇಪವೂ ಇಲ್ಲ. ರಂಗದ ಮೇಲೆ ಒಂದು ನಿಮಿಷಕ್ಕೆ ರಂಗದ ಹಿಂದೆ ಹತ್ತು ವರ್ಷದ ದುಡಿಮೆ ಎಂದು ಚೀನೀ ರಂಗಭೂಮಿಯಲ್ಲೊಂದು ಗಾದೆಯಿದೆ. ಪ್ರದರ್ಶನವನ್ನು ಚಿಕ್ಕದು ಮಾಡಬಹುದು, ಅಭ್ಯಾಸವನ್ನು ಚಿಕ್ಕದು ಮಾಡಲಾಗದು. ನಿಮ್ಮ ಮನೆಯ ಮಗುವೊಂದು ಹಾಡು, ಕುಣಿತ, ವಾದ್ಯ ಯಾವುದನ್ನಾದರೂ ಹಟ ಹಿಡಿದು ಕಲಿಯುತ್ತಿದ್ದರೆ, ‘ಇದರಿಂದ ಎಷ್ಟು ಅಂಕ ಬರುತ್ತದೆ?’ ಎಂದು ಕೇಳುವ ಮೊದಲು ತಂದೆತಾಯಿಯರು ಈ ಗಾದೆಯನ್ನು ಒಮ್ಮೆ ನೆನೆದರೆ ಒಳ್ಳೆಯದು. ಆ ಹತ್ತು ವರ್ಷಗಳಲ್ಲಿ ಕೆಲವನ್ನು ಮಗು ಈಗಾಗಲೇ ಕಳೆದಿರಬಹುದು.