ಕೌಂಟರ್ ಹುಡುಗನ ತಪ್ಪೇನು?

ದುಬೈಯಲ್ಲಿ ಸಂಬಳ ಬಂದ ದಿನ ರೂಮಿನವರೆಲ್ಲ ಸೇರಿ ಬರ್ಗರ್ ತಿನ್ನೋದು ನಮ್ಮ ಹಳೇ ರೂಢಿ. ಈ ಸಲ ಬೋರ್ಡ್ ನೋಡಿ ಬಾಯಿ ಕಟ್ಟಿತು. ಮೊದಲು 25 ದಿರ್ಹಮ್ ಇದ್ದ ಮೀಲ್ ಈಗ 32! ನಮ್ಮಲ್ಲೊಬ್ಬರು ಕೌಂಟರ್ ಹುಡುಗನ ಮೇಲೆ ರೇಗಿಬಿಟ್ಟರು. "ಭಾಯ್, ನಾನೂ ಇಲ್ಲಿ ತಿನ್ನಲ್ಲ, ರೂಮಲ್ಲೇ ಅಡುಗೆ" ಅಂದ ಅವನು, ಹಿಂದಿಯಲ್ಲಿ. ನಮಗೇ ನಾಚಿಕೆಯಾಯಿತು.

ರೇಟು ಹಾಕೋದು ಅವನಲ್ಲ. ರೇಗೋದು ಬಿಟ್ಟು ಬಿಲ್ ನೋಡೋಣ. 2018ರಿಂದ ಇಲ್ಲಿ ಶೇ. 5 ವ್ಯಾಟ್ ಇದೆ. ಬೋರ್ಡಿನ ಬೆಲೆಯಲ್ಲೇ ಅದು ಸೇರಿರಬೇಕು. ಮತ್ತೆ ಮೇಲೆ ಹಾಕಿದ್ದರೆ ಮರ್ಯಾದೆಯಿಂದಲೇ ಕೇಳೋಣ.

ಆವತ್ತು ಏನೂ ಕೊಳ್ಳದೆ ವಾಪಸ್ ಬಂದು ಕೋಳಿಸಾರು ಮಾಡಿಕೊಂಡೆವು. ಮುಂದಿನ ತಿಂಗಳ ಸಾರಿಗೆ ಆ ಹುಡುಗನನ್ನೂ ಕರೆದಿದ್ದೇವೆ.